ಹಾಲುಹಲ್ಲಿನ ಗೆರೆ

ಆ ಹೊಳೆ ಬೆಟ್ಟದಿಂದ ಇಳಿದು ಕಡಲು ಸೇರುವ ತನಕ ಎಷ್ಟು ಊರುಗಳನ್ನು ಮುಟ್ಟುತ್ತಿತ್ತೋ ಅಷ್ಟೂ ಊರುಗಳ ಬಾಗಿಲಲ್ಲಿ ಒಂದೊಂದು ಮುಳ್ಳು ಇತ್ತು. ಗಾಜಿನ ಬುರುಡೆಯೊಳಗೆ ಕೂದಲೆಳೆಯಷ್ಟು ತೆಳ್ಳಗಿನ ಮುಳ್ಳು. ಊರೊಳಗೆ ಬರುವ ತಿನಿಸು ಯಾವುದೇ ಇರಲಿ, ಯಾರದೇ ಇರಲಿ, ಮೊದಲು ಅದರ ಮುಂದೆ ಇಡಬೇಕು. ಮುಳ್ಳು ಸುಮ್ಮನಿದ್ದರೆ ತಿನಿಸು ಒಳಗೆ. ಮುಳ್ಳು ಎದ್ದು ಗೆರೆ ದಾಟಿದರೆ ಅದು ಹೊರಗೇ.

ಮೊದಲು ಹೀಗಿರಲಿಲ್ಲ. ಮೊದಲು ಬೆಟ್ಟದ ನೆತ್ತಿಯ ಮೇಲೂರಿನಲ್ಲಿ ದೊಡ್ಡ ಒಲೆ ಇತ್ತು. ಸೌದೆ ಕೇಳದ ಒಲೆ, ಹೊಗೆ ಬಿಡದ ಒಲೆ. ಹೊಳೆಸಾಲಿನ ಎಲ್ಲ ಊರುಗಳ ದೀಪ ಅದರಿಂದಲೇ ಉರಿಯುತ್ತಿತ್ತು. ಒಂದು ದಿನ ಆ ಒಲೆ ಬಿರಿಯಿತು. ಗಾಳಿ ಬೀಸಿದ ಕಡೆಗೆಲ್ಲ ಅದರ ಕಾವು ಹೋಯಿತು, ಮಳೆ ಬಿದ್ದಲ್ಲೆಲ್ಲ ಇಳಿಯಿತು. ಅದು ಕಾಣದ ಕಾವು. ಮುಟ್ಟಿದರೆ ಸುಡದು, ಮೂಸಿದರೆ ವಾಸನೆ ಇಲ್ಲ, ನಾಲಿಗೆಗೆ ರುಚಿ ಇಲ್ಲ. ಹುಲ್ಲಿಗೆ ಹೋಯಿತು, ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ. ತರಗೆಲೆ ಕೊಳೆತ ನೆಲದಿಂದ ಏಳುವ ಅಣಬೆಗೆ ಎಲ್ಲಕ್ಕಿಂತ ಹೆಚ್ಚು ಹೋಯಿತು. ಏನೂ ತಿಳಿಯದೆ ಹಾಲು ಕುಡಿದ ಮಕ್ಕಳ ಗಂಟಲು ಕೆಲವು ವರ್ಷಗಳಲ್ಲಿ ಊದಿಕೊಂಡಿತು. ಎಲ್ಲರೂ ಉಳಿಯಲಿಲ್ಲ. ಆಮೇಲೆ ಕಂಚುಗಾರರು ಮುಳ್ಳುಗಳನ್ನು ಮಾಡಿಕೊಟ್ಟರು, ಊರುಗಳು ಬಾಗಿಲು ಹಾಕಿಕೊಂಡವು.

ಹೊರಗುಳಿದ ತಿನಿಸನ್ನು ಎಸೆಯುವಂತಿರಲಿಲ್ಲ. ಮುಳ್ಳು ಕಾಯುವವರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮಕ್ಕಳಿಗೆ ಹೇಳುವ ಹಾಗೆ, "ತಪ್ಪು ನಿನ್ನದಲ್ಲ" ಎಂದು ಹೇಳಬೇಕು. ರೊಟ್ಟಿಗೆ ಹೇಳಬೇಕು, ಸೊಪ್ಪಿಗೆ ಹೇಳಬೇಕು, ಜೇನಿಗೆ ಹೇಳಬೇಕು. ಹೇಳಿ, ಬಾಗಿಲಾಚೆಯ ಬಯಲಿನಲ್ಲಿ ಹೂಳಿ, ಮೇಲೊಂದು ಬಿಳಿಕಲ್ಲು ಇಡಬೇಕು. ಎಲ್ಲ ಊರುಗಳ ಹೊರಗೂ ಬಿಳಿಕಲ್ಲಿನ ಬಯಲು ಇತ್ತು. ದೂರದಿಂದ ಬರುವವರಿಗೆ ಅದು ಕೊಕ್ಕರೆಗಳ ಹಿಂಡು ಕೂತ ಹಾಗೆ ಕಾಣುತ್ತಿತ್ತು.

ಹೊಳೆ ಅಗಲವಾಗುವ ಕಡೆ ತಳವೂರು. ಅಲ್ಲಿಯ ಮುಳ್ಳು ಕಾಯುತ್ತಿದ್ದವಳು ಹೊನ್ನಿ. ಹುಟ್ಟಿದ್ದು ಮೇಲೂರಿನಲ್ಲಿ, ಮದುವೆಯಾಗಿ ಬಂದದ್ದು ತಳವೂರಿನ ಅಂಬಿಗನ ಮನೆಗೆ. ಅವಳು ಬಂದ ವರ್ಷವೇ ಒಲೆ ಬಿರಿದದ್ದು. ಮುಳ್ಳು ಕಾಯಲು ಯಾರನ್ನು ಕೂರಿಸುವುದೆಂದು ಮಾತು ಬಂದಾಗ ತಳವೂರಿನ ಯಜಮಾನ ಹೇಳಿದ್ದ: "ಮೇಲೂರಿನ ಮಗಳೇ ಕೂರಲಿ. ಅವಳು ಬೇಡ ಅಂದರೆ ಮೇಲಿನವರು ಯಾರೂ ಜಗಳಕ್ಕೆ ಬರುವುದಿಲ್ಲ."

ಯಾರೂ ಜಗಳಕ್ಕೆ ಬರಲಿಲ್ಲ. ಮಳೆಗಾಲ ಕಳೆದ ಮೇಲೆ ಪ್ರತಿ ವರ್ಷ ಮೇಲಿನಿಂದ ಇಳಿದು ಬರುವವರ ಕೈಯಲ್ಲಿ ಹೊನ್ನಿಯ ತಾಯಿ ಒಣಗಿದ ಅಣಬೆಯ ಸರ ಕಳಿಸುತ್ತಿದ್ದಳು. ನೂಲಿನಲ್ಲಿ ಪೋಣಿಸಿದ ಅಣಬೆ. ಸುಟ್ಟರೆ ಮಳೆ ಬಿದ್ದ ಕಾಡಿನ ವಾಸನೆ, ಸಾರಿಗೆ ಹಾಕಿದರೆ ಮನೆ ತುಂಬ ಅದೇ ವಾಸನೆ. ಹೊನ್ನಿ ಸರವನ್ನು ಮುಳ್ಳಿನ ಮುಂದೆ ಇಡುತ್ತಿದ್ದಳು. ಮುಳ್ಳು ಏಳುತ್ತಿತ್ತು. ಅವಳು ಸರವನ್ನು ಎರಡೂ ಕೈಯಲ್ಲಿ ಎತ್ತಿ, ತಪ್ಪು ನಿನ್ನದಲ್ಲ ಎಂದು ಹೇಳಿ, ಹೂಳಿ, ಕಲ್ಲು ಇಡುತ್ತಿದ್ದಳು. ಮರುವರ್ಷ ಮತ್ತೆ ಸರ ಬರುತ್ತಿತ್ತು.

"ಒಳಗೆ ಬರೋದಿಲ್ಲ ಅಂತ ಗೊತ್ತಿದ್ದೂ ಯಾಕೆ ಕಳಿಸ್ತಾರೆ ನಿಮ್ಮಮ್ಮ?" ಎಂದು ಅಂಬಿಗ ಒಮ್ಮೆ ಕೇಳಿದ.

"ಕಾವು ಇಳಿದಿರಬಹುದು ಅಂತ," ಎಂದಳು ಹೊನ್ನಿ.

ಹೊನ್ನಿಗೆ ಮಗಳು ಹುಟ್ಟಿದಾಗ, ಮಗು ಕತ್ತು ನಿಲ್ಲಿಸಿ ನಗುವ ಹೊತ್ತಿಗೆ, ಅವಳು ಅದನ್ನು ಎತ್ತಿಕೊಂಡು ಮೇಲೂರಿಗೆ ಹೋದಳು. ತಾಯಿ ಬಾಗಿಲಲ್ಲಿ ನಿಂತಿದ್ದಳು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಳು. ಅದರ ಪಾದ ಮೂಸಿದಳು, ಕಿವಿಯ ಹಿಂದೆ ಮೂಸಿದಳು. ಪಕ್ಕದ ಬಟ್ಟಲಲ್ಲಿ ಆಗಷ್ಟೇ ಕರೆದ ಹಾಲಿತ್ತು. ಎಲ್ಲ ಅಜ್ಜಿಯರೂ ಮಾಡುವ ಹಾಗೆ ತಾಯಿ ಬೆರಳ ತುದಿ ಹಾಲಿನಲ್ಲಿ ಅದ್ದಿ ಮಗುವಿನ ತುಟಿಯ ಹತ್ತಿರ ತಂದಳು. ಯೋಚನೆ ಮಾಡಿ ತಂದದ್ದಲ್ಲ. ಮಗು ಬಾಯಿ ತೆರೆಯಿತು.

ಹೊನ್ನಿ ತಾಯಿಯ ಮಣಿಕಟ್ಟು ಹಿಡಿದಳು.

ಗಟ್ಟಿಯಾಗಿಯೇ ಹಿಡಿದಳು. ಹಾಲಿನ ಹನಿ ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ತಾಯಿ ಎದ್ದು ಬೆರಳನ್ನು ಸೆರಗಿಗೆ ಒರೆಸಿಕೊಂಡು, ಮಗುವನ್ನು ಮಗಳ ಕೈಗೆ ಕೊಟ್ಟಳು.

"ನೀನು ಮಾಡಿದ್ದು ಸರಿ," ಎಂದಳು. "ಆದರೆ ನನ್ನ ಕೈತುತ್ತು ಹೋಗದ ಮನೆಗೆ ನಾನೂ ಬರೋದಿಲ್ಲ. ನನ್ನ ಕೈತುತ್ತು ಮುಟ್ಟದವರು ಇಲ್ಲಿಗೆ ಬಂದು ಹಸಿದು ಹೋಗೋದೂ ಬೇಡ."

ಹೊನ್ನಿ ಹಸಿದುಕೊಂಡೇ ಬೆಟ್ಟ ಇಳಿದಳು. ಆಮೇಲೆ ಅಣಬೆಯ ಸರ ಮಾತ್ರ ಬರುತ್ತಿತ್ತು. ತಾಯಿ ಬರಲಿಲ್ಲ, ಮಗಳು ಹೋಗಲಿಲ್ಲ. ಎಷ್ಟೋ ಸಲ ಬಾಗಿಲಲ್ಲಿ ಕೂತಾಗ ಮೇಲಿನಿಂದ ಗಾಳಿ ಬೀಸಿದರೆ ಹೊನ್ನಿ ಕತ್ತೆತ್ತಿ ಮೂಸುತ್ತಿದ್ದಳು. ಗಾಳಿಗೆ ಯಾವ ಊರೂ ಬಾಗಿಲು ಹಾಕಿರಲಿಲ್ಲ.

ಎಲ್ಲ ಊರಿಗೂ ಮುಳ್ಳು ಒಂದೇ ಬಗೆಯದು. ಗೆರೆ ಮಾತ್ರ ಒಂದೊಂದು ಊರಿನದು ಒಂದೊಂದು. ತಳವೂರಿನವರು ಗಾಳಿಯಿಲ್ಲದ ಒಂದು ದಿನ ಮುಳ್ಳು ಎಲ್ಲಿ ನಿಂತಿತ್ತೋ ಅಲ್ಲೇ ಗೆರೆ ಎಳೆದು, ಅದಕ್ಕಿಂತ ಒಂದು ಎಳೆ ಮೇಲೆದ್ದರೂ ಬೇಡ ಎನ್ನುತ್ತಿದ್ದರು. ಸಂತೆಯೂರಿನವರು ಗೆರೆಯನ್ನು ಎತ್ತರದಲ್ಲಿ ಎಳೆದಿದ್ದರು. ಉಳಿದವರು ತಮ್ಮ ತಮ್ಮ ಹೆದರಿಕೆಗೆ ತಕ್ಕ ಹಾಗೆ ಎಳೆದುಕೊಂಡಿದ್ದರು. ಸಾವೆ ಅಕ್ಕಿ ಹೇರಿಕೊಂಡು ಹೊರಟ ಗಾಡಿಯನ್ನು ಒಂದು ಊರು ಕೈಮುಗಿದು ಬಿಡುತ್ತಿತ್ತು, ಮುಂದಿನ ಊರು ತಡೆಯುತ್ತಿತ್ತು. ತಡೆದ ಗಾಡಿ ಹಿಂದಕ್ಕೆ ತಿರುಗಿದರೆ, ಬಿಟ್ಟ ಊರೂ ಈಗ ಅನುಮಾನಪಟ್ಟು ಬಾಗಿಲು ಹಾಕುತ್ತಿತ್ತು. ಹೀಗಾಗಿ ಗಾಡಿಗಳು ಸೇತುವೆಗಳ ಮೇಲೆ ನಿಂತುಬಿಟ್ಟವು. ಗಾಡಿಯವರು ಅಲ್ಲೇ ಉಂಡು ಅಲ್ಲೇ ಮಲಗಿದರು. ಮಳೆ ಬಂದಾಗ ಚೀಲದೊಳಗಿನ ಕಾಳು ಚೀಲದಲ್ಲೇ ಮೊಳೆತು, ಸೆಣಬಿನ ಸಂದಿಯಿಂದ ಹಸಿರು ಹೊರಗೆ ಇಣುಕಿತು.

ಹೀಗಿರುವಾಗ ಒಂದು ವರ್ಷ ಹೊಳೆ ಉಕ್ಕಿತು. ತಳವೂರಿನ ಹೊಲಗಳ ಮೇಲೆ ಮರಳು ಹೊದಿಸಿ ಹೋಯಿತು. ಕಣಜಗಳು ತಳ ಕಂಡವು. ಊರಿನ ಮಕ್ಕಳು ಹುಣಿಸೆ ಚಿಗುರು ತಿಂದು ಹೊಟ್ಟೆ ನೋವೆಂದು ಅತ್ತರು. ಬಾಗಿಲಾಚೆ ಸೇತುವೆಯ ಮೇಲೆ ಮೇಲೂರಿನ ಸಾವೆಯ ಗಾಡಿಗಳು ನಿಂತಿದ್ದವು. ಹೊನ್ನಿ ದಿನಾ ಒಂದೊಂದು ಹಿಡಿ ತಂದು ಮುಳ್ಳಿನ ಮುಂದೆ ಇಟ್ಟು ನೋಡುತ್ತಿದ್ದಳು. ಮುಳ್ಳು ಚೂರು ಏಳುತ್ತಿತ್ತು. ಬಹಳ ಅಲ್ಲ, ಚೂರು.

ಒಬ್ಬ ಮುದುಕಿ ಅವಳ ಮುಂದೆ ಬಂದು ನಿಂತು, "ಹೊನ್ನೀ, ಆ ಚೂರು ನನ್ನನ್ನ ಯಾವಾಗ ಕೊಲ್ಲುತ್ತೆ?" ಎಂದು ಕೇಳಿದಳು.

"ಗೊತ್ತಿಲ್ಲ ಅಜ್ಜಿ. ಕೊಲ್ಲದೆಯೂ ಇರಬಹುದು."

"ಹಸಿವು ಯಾವಾಗ ಕೊಲ್ಲುತ್ತೆ ಅಂತ ನಂಗೆ ಗೊತ್ತು," ಎಂದಳು ಮುದುಕಿ. ಬೈಯಲಿಲ್ಲ. ಸೆರಗು ಸೊಂಟಕ್ಕೆ ಬಿಗಿದುಕೊಂಡು ಹೋದಳು. ಆ ವಾರ ಕಳೆಯುವುದರೊಳಗೆ ಅವಳ ಮನೆಯಲ್ಲಿ ಹೊಗೆ ಏಳುವುದು ನಿಂತಿತು.

ಆಮೇಲೆಯೇ ಊರುಗಳು ಒಂದಕ್ಕೊಂದು ಹೇಳಿಕಳಿಸಿದ್ದು. ಎಲ್ಲರಿಗೂ ಒಂದೇ ಗೆರೆ ಬೇಕು. ಹೊಳೆ ಎರಡಾಗಿ ಸೀಳುವ ನಡುಗಡ್ಡೆಯಲ್ಲಿ ಕೂಡಬೇಕು. ಪ್ರತಿ ಊರಿನಿಂದ ಒಬ್ಬರು ಹಿರಿಯರು, ಒಬ್ಬರು ಮುಳ್ಳು ಕಾಯುವವರು ಬರಬೇಕು. ಪ್ರತಿಯೊಬ್ಬರೂ ತಮ್ಮ ಊರಿನ ತಿನಿಸು ತಂದು ನಡುವೆ ಬಾಳೆಯೆಲೆಯ ಮೇಲೆ ಬಡಿಸಬೇಕು. ಗೆರೆ ಎಳೆಯುವ ತನಕ ಯಾರೂ ಉಣ್ಣುವಂತಿಲ್ಲ.

ಹೊನ್ನಿಯನ್ನೂ ತಳವೂರಿನ ಯಜಮಾನನನ್ನೂ ಅಂಬಿಗನೇ ದೋಣಿಯಲ್ಲಿ ಕರೆದುಕೊಂಡು ಹೋದ. ನಡುಗಡ್ಡೆಯ ಮರಳಿನಲ್ಲಿ ಕಾಲಿಟ್ಟಾಗ ಹೊನ್ನಿ ತಲೆ ಎತ್ತಿ ನೋಡಿದಳು. ಎದುರು ದಡದಿಂದ ಮೇಲೂರಿನ ದೋಣಿ ಬಂದಿತ್ತು. ಅದರಿಂದ ಅವಳ ತಾಯಿ ಇಳಿಯುತ್ತಿದ್ದಳು.

ಮೇಲೂರಿನಲ್ಲೂ ಒಂದು ಮುಳ್ಳು ಇದೆ ಎಂದು ಹೊನ್ನಿಗೆ ಗೊತ್ತಿತ್ತು. ಅದನ್ನು ಹಿಡಿದು ಹೊಲದಿಂದ ಹೊಲಕ್ಕೆ ನಡೆಯುವವಳು ತನ್ನ ತಾಯಿ ಎಂದು ಗೊತ್ತಿರಲಿಲ್ಲ. ತಾಯಿಯ ಕೂದಲು ಪೂರ್ತಿ ಬಿಳಿಯಾಗಿತ್ತು. ಅವಳು ಮಗಳನ್ನು ನೋಡಿದಳು, ತಲೆಯಾಡಿಸಿದಳು, ತನ್ನ ಊರಿನ ಎಲೆಯ ಮುಂದೆ ಹೋಗಿ ಕೂತಳು. ಎಲೆಯ ಮೇಲೆ ಬೇರೇನೂ ಬಡಿಸಿರಲಿಲ್ಲ. ಒಂದು ಅಣಬೆಯ ಸರ ಇತ್ತು.

ಮೊದಲು ತಳವೂರಿನ ಯಜಮಾನ ಮಾತಾಡಿದ. "ಮುಳ್ಳು ಅಲುಗಲೇಬಾರದು. ನನ್ನ ಊರಿನಲ್ಲಿ ಗಂಟಲು ಊದಿ ಹೋದ ಮಕ್ಕಳಲ್ಲಿ ನನ್ನ ತಮ್ಮನ ಮಗ ಒಬ್ಬ. ಸೊನ್ನೆಯೇ ಗೆರೆ. ಬೇರೆ ಗೆರೆ ನನಗೆ ಗೊತ್ತಿಲ್ಲ."

ಸಂತೆಯೂರಿನ ವ್ಯಾಪಾರಿ ಎದ್ದ. "ಸೊನ್ನೆ ಅಂದರೆ ಸೇತುವೆ ಮೇಲಿನ ಗಾಡಿಗಳೆಲ್ಲ ಗೋರಿಗಳಾಗುತ್ತವೆ ಯಜಮಾನರೇ. ಮೇಲೆ ಎಳೆಯಿರಿ. ಜನ ಉಣ್ಣಲಿ."

"ನಿಮ್ಮ ಮೂಟೆ ಖಾಲಿಯಾಗಲಿ ಅನ್ನಿ."

"ಆಗಲಿ, ಹಾಗೇ ಅಂದುಕೊಳ್ಳಿ. ನಿಮ್ಮ ಮಕ್ಕಳ ಹೊಟ್ಟೆ ತುಂಬಿದರೆ ನನ್ನ ಮೂಟೆ ಖಾಲಿಯಾದದ್ದು ತಪ್ಪಾ?"

ಬಿಸಿಲು ಏರಿತು. ಬಾಳೆಯೆಲೆಗಳ ಅಂಚು ಬಾಡಿತು. ಮಾತು ಹೊಳೆಯ ಸುಳಿಯ ಹಾಗೆ ತಿರುಗಿದಲ್ಲೇ ತಿರುಗಿತು. ಕಡಲ ಬಾಯಿಯಲ್ಲಿರುವ ಅಳಿವೆಯೂರಿನಿಂದ ಒಬ್ಬ ವೈದ್ಯೆ ಬಂದಿದ್ದಳು. ಊದಿದ ಗಂಟಲುಗಳನ್ನು ಮುಟ್ಟಿ ನೋಡಿದ ಕೈ ಅವಳದು. ಅವಳು ಎದ್ದು ಒಂದು ಮುಳ್ಳನ್ನು ತನ್ನ ಹತ್ತಿರ ಎಳೆದುಕೊಂಡಳು. ನಡುಗಡ್ಡೆಯ ಮರಳನ್ನು ಮೊಣಕೈ ಆಳ ತೋಡಿ, ತಳದಿಂದ ಒಂದು ಹಿಡಿ ತೆಗೆದು ಅದರ ಮುಂದೆ ಹಿಡಿದಳು. ಮುಳ್ಳು ನವಿರಾಗಿ ಅಲುಗಿತು. ತನ್ನ ಊರಿನ ಎಲೆಯಿಂದ ಬಾಳೆಹಣ್ಣು ಹಿಡಿದಳು. ಅಲುಗಿತು.

"ಇಷ್ಟು ಆಳದ ಮರಳು ಬೆಟ್ಟದ ಒಲೆ ಕಂಡದ್ದಲ್ಲ. ಈ ಹಣ್ಣೂ ಅಲ್ಲ," ಎಂದಳು. "ಒಲೆ ಹೊತ್ತಿಸುವ ಮೊದಲೂ ನೆಲದಲ್ಲಿ ಒಂದಿಷ್ಟು ಕಾವು ಇತ್ತು. ಆಗ ನಮ್ಮ ಹತ್ತಿರ ಮುಳ್ಳು ಇರಲಿಲ್ಲ, ಅಷ್ಟೇ. ಸೊನ್ನೆ ಅಂತ ಒಂದು ಜಾಗ ಇಲ್ಲ ಯಜಮಾನರೇ. ನಿಮ್ಮನ್ನ ಅಲ್ಲಿಗೆ ಕರೆದುಕೊಂಡು ಹೋಗೋದಕ್ಕೆ ನನಗೆ ಆಗಲ್ಲ."

"ಹಾಗಾದರೆ ಎಲ್ಲಿ ಎಳೆದರೆ ಯಾರಿಗೂ ಏನೂ ಆಗೋದಿಲ್ಲ? ಅದನ್ನಾದರೂ ಹೇಳಿ."

ವೈದ್ಯೆ ಹಣ್ಣನ್ನು ಎಲೆಯ ಮೇಲೆ ಇಟ್ಟಳು. "ಅದನ್ನೂ ಹೇಳಲಾರೆ. ಕೆಳಗಿದ್ದಷ್ಟೂ ಕೇಡು ಕಡಿಮೆ, ಮೇಲೇರಿದಷ್ಟೂ ಹೆಚ್ಚು. ನಡುವೆ ಗೋಡೆ ಇಲ್ಲ, ಇಳಿಜಾರು ಇದೆ. ಎಲ್ಲಿ ನಿಲ್ಲಬೇಕು ಅಂತ ಇಳಿಜಾರು ಹೇಳೋದಿಲ್ಲ, ನಾವು ಹೇಳಬೇಕು. ಒಬ್ಬ ಮನುಷ್ಯ ಒಂದು ವರ್ಷದಲ್ಲಿ ಎಷ್ಟು ಉಣ್ಣುತ್ತಾನೆ, ಅದರಲ್ಲಿ ಮೇಲಿನಿಂದ ಬಂದದ್ದು ಎಷ್ಟು, ಅದನ್ನ ಕೇಳಬೇಕು. ಎಲೆ ತುಂಬ ಅದೇ ಇದ್ದರೆ ಒಂದು ಮಾತು. ಎಲೆಯ ಒಂದು ಮೂಲೆಯಲ್ಲಿದ್ದರೆ ಇನ್ನೊಂದು ಮಾತು."

ಈ ಉತ್ತರ ಯಾರಿಗೂ ಇಷ್ಟವಾಗಲಿಲ್ಲ. ತಾವು ಕೇಳಲು ಬಂದದ್ದು ಒಂದು ಜಾಗದ ಹೆಸರು. ಸಿಕ್ಕಿದ್ದು ತಮ್ಮದೇ ಕೈಗೆ ವಾಪಸು ಬಂದ ಪ್ರಶ್ನೆ.

ಆಗ ತಳವೂರಿನ ಯಜಮಾನ ಹೊನ್ನಿಯ ಕಡೆ ತಿರುಗಿದ. ಇಷ್ಟು ವರ್ಷ ಅವಳು ಒಂದು ಎಳೆಯನ್ನೂ ಬಿಟ್ಟುಕೊಟ್ಟಿರಲಿಲ್ಲ. ಅವಳ ಮಾತಿನ ಮೇಲೆ ಅವನಿಗೆ ನಂಬಿಕೆ. "ನೀನು ಹೇಳಮ್ಮ. ಎಲ್ಲಿ ಎಳೆಯೋಣ?"

ಹೊನ್ನಿ ಎದ್ದಳು. ಎದುರಿನ ಎಲೆಯ ಮೇಲೆ ಅಣಬೆಯ ಸರ ಬಿಸಿಲಿಗೆ ಬಿಸಿಯಾಗಿ ವಾಸನೆ ಬಿಡುತ್ತಿತ್ತು. ಅವಳ ಬಾಯಲ್ಲಿ ನೀರೂರಿತು. ಎಲ್ಲರ ಮುಂದೆ ಬಾಯಲ್ಲಿ ನೀರೂರಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು, ಅಳು ಬಂತು.

"ನನ್ನನ್ನ ಕೇಳಬೇಡಿ," ಎಂದಳು. "ನನಗೆ ಆಸೆ ಇದೆ. ಅದೋ, ಅಲ್ಲಿ ಕೂತಿರೋದು ನನ್ನ ತಾಯಿ. ಆ ಅಣಬೆ ನಾನು ಹುಟ್ಟಿದ ಮನೆ ಹಿಂದಿನ ಕಾಡಿನದು. ಪ್ರತಿ ವರ್ಷ ಹೂತಿದ್ದೀನಿ. ಹೂಳುವಾಗ ಪ್ರತಿ ಸಲ, ಒಂದು ಚೂರು, ಒಂದೇ ಒಂದು ಚೂರು ಬಾಯಿಗೆ ಹಾಕ್ಕೋಬೇಕು ಅನ್ನಿಸಿದೆ. ನಾನು ಎಳೆದರೆ ಗೆರೆ ಆ ಸರದ ಮೇಲಕ್ಕೆ ಹೋಗಿಬಿಡುತ್ತೆ. ಆಸೆ ಇಲ್ಲದವರನ್ನ ಕೇಳಿ."

ಅವಳು ಕೂತಳು. ಎದುರಿನಿಂದ ತಾಯಿಯ ಧ್ವನಿ ಕೇಳಿಸಿತು. ಎಷ್ಟೋ ವರ್ಷದ ಮೇಲೆ ಕೇಳಿಸಿದ ಧ್ವನಿ.

"ಆಸೆ ಇಲ್ಲದವರು ಯಾರಿದ್ದಾರೆ ಇಲ್ಲಿ? ಆಸೆ ಇಲ್ಲದವರು ಎಳೆದರೆ ಅವರಿಗೇನು, ಸೊನ್ನೆಗೇ ಎಳೆದು ಎದ್ದು ಹೋಗ್ತಾರೆ. ನನಗೂ ಆಸೆ ಇದೆ. ಅವಳಿಗಿಂತ ಹೆಚ್ಚು ಇದೆ. ಅದಕ್ಕೇ ನಾನು ಹೇಳ್ತೀನಿ, ಕೇಳಿ."

ತಾಯಿ ಎದ್ದು ಬಂದು ನಡುವೆ ನಿಂತಳು. ಅವಳ ಕೈ ಮಣ್ಣು ಕೆರೆದು ಕೆರೆದು ಒರಟಾಗಿತ್ತು.

"ಒಂದು ಗೆರೆ ಸಾಲದು," ಎಂದಳು. "ಎರಡು ಎಳೆಯಿರಿ. ದೊಡ್ಡವರಿಗೆ ಒಂದು, ಮಕ್ಕಳಿಗೆ ಒಂದು. ದೊಡ್ಡವರ ಮೈ ಕಟ್ಟಿ ಮುಗಿದ ಮನೆ. ಮಗುವಿನದು ಹಸಿ ಗೋಡೆ. ಮಗುವಿನ ಗೆರೆ ಕೆಳಗೆ ಹಾಕಿ. ನಮ್ಮ ಹಾಲು ಆ ಗೆರೆಯ ಕೆಳಗೆ ನಿಲ್ಲಲ್ಲ, ನನಗೆ ಗೊತ್ತು. ಸಾವೆಯೂ ನಿಲ್ಲಲ್ಲ. ಹಾಕಿ."

ಮೇಲೂರಿನ ಹಿರಿಯ ದಿಗ್ಗನೆ ಎದ್ದ. "ಅಕ್ಕಾ, ನಮ್ಮ ಊರಿನ ವಿರುದ್ಧವೇ ಮಾತಾಡ್ತಿದ್ದೀಯಲ್ಲ!"

"ಊರಿನ ಪರವಾಗಿಯೇ ಆಡ್ತಿದ್ದೀನಿ ತಮ್ಮಾ. ಗಂಟಲು ಊದಿದ ಮಕ್ಕಳಲ್ಲಿ ನಮ್ಮ ಊರಿನವೇ ಹೆಚ್ಚು. ನನ್ನ ಮೊಮ್ಮಗು ಬಾಯಿ ತೆರೆದಿತ್ತು. ನಾನು ಬೆರಳು ಚಾಚಿದ್ದೆ. ಇವಳು ನನ್ನ ಕೈ ಹಿಡಿದಳು." ಅವಳು ಮಗಳ ಕಡೆ ನೋಡಲಿಲ್ಲ. "ಆ ದಿನ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೂ ಹೇಳ್ತೀನಿ, ಆ ಕೈ ಹಿಡಿಯೋದಕ್ಕೆ ಇನ್ನು ಮೇಲೆ ಮಗಳು ಬೇಕಾಗಬಾರದು. ಗೆರೆ ಹಿಡೀಬೇಕು. ಯಾವ ತಾಯಿಗೂ ಯಾವ ಮಗಳಿಗೂ ಆ ಕೆಲಸ ಬೀಳಬಾರದು."

ವೈದ್ಯೆ ಮೆಲ್ಲಗೆ ಕೇಳಿದಳು: "ಮಕ್ಕಳು ಅಂದರೆ ಎಲ್ಲಿಯ ತನಕ ಅಮ್ಮಾ?"

"ಮೊದಲ ಹಾಲುಹಲ್ಲು ಬೀಳುವ ತನಕ."

ತಳವೂರಿನ ಯಜಮಾನ ತಲೆ ತಗ್ಗಿಸಿಕೊಂಡು ಕೂತಿದ್ದ. ತಲೆ ಎತ್ತಿ, "ಮಕ್ಕಳ ಗೆರೆ ಅಷ್ಟು ಕೆಳಗಿರುವುದಾದರೆ, ದೊಡ್ಡವರ ಗೆರೆ ಸ್ವಲ್ಪ ಮೇಲೆ ಹೋಗಲಿ," ಎಂದ. "ಸೇತುವೆ ಮೇಲಿನ ಸಾವೆ ಒಳಗೆ ಬರುವಷ್ಟು." ಸಂತೆಯೂರಿನ ವ್ಯಾಪಾರಿ ಇನ್ನೂ ಮೇಲಕ್ಕೆ ಎಂದ. ಇನ್ನೊಬ್ಬರು ಕೆಳಕ್ಕೆ ಎಂದರು. ಎಳೆದಾಟ ನಡೆಯಿತು. ಆದರೆ ಈಗ ಅದು ಗೆರೆಯ ಎಳೆದಾಟ, ಗೋಡೆಯದಲ್ಲ. ಹೊತ್ತು ಇಳಿಯುವ ಮೊದಲು ವೈದ್ಯೆ ಮಸಿಯಲ್ಲಿ ಒಂದು ಗೆರೆ, ಅದರ ಕೆಳಗೆ ಕೆಮ್ಮಣ್ಣಿನಲ್ಲಿ ಇನ್ನೊಂದು ಗೆರೆ ಎಳೆದಳು. ಹಿರಿಗೆರೆ, ಕಿರಿಗೆರೆ. ಎಲ್ಲ ಊರುಗಳ ಮುಳ್ಳಿನ ಬುರುಡೆಯ ಮೇಲೂ ಅದೇ ಎರಡು ಗೆರೆ.

ಆಮೇಲೆ ಎಲೆಯ ಮೇಲಿನ ತಿನಿಸುಗಳನ್ನು ಒಂದೊಂದಾಗಿ ಮುಳ್ಳಿನ ಮುಂದೆ ಇಟ್ಟರು. ಅಳಿವೆಯೂರಿನ ಮೀನು ಉಳಿಯಿತು, ಸಂತೆಯೂರಿನ ಬೆಲ್ಲ ಉಳಿಯಿತು, ತಳವೂರಿನ ಒಣ ಗೆಣಸು ಉಳಿಯಿತು. ಅಣಬೆಯ ಸರದ ಮುಂದೆ ಮುಳ್ಳು ಹಿರಿಗೆರೆಯನ್ನು ದಾಟಿ ನಿಂತಿತು. ಬಹಳ ದಾಟಲಿಲ್ಲ. ದಾಟಿತು.

ತಾಯಿಯೇ ಸರವನ್ನು ಎತ್ತಿಕೊಂಡಳು. "ತಪ್ಪು ನಿನ್ನದಲ್ಲ" ಎಂದು ಅದಕ್ಕೆ ಹೇಳಿದಳು. ಹೊನ್ನಿ ಮರಳು ತೋಡಿದಳು. ಇಬ್ಬರೂ ಸೇರಿ ಹೂತರು. ಇಬ್ಬರ ಕೈಗಳೂ ಮರಳಿನೊಳಗೆ ಇದ್ದವು. ತಾಗಲಿಲ್ಲ.

ದೋಣಿ ಹತ್ತುವ ಮುಂಚೆ ತಾಯಿ ಕೇಳಿದಳು: "ಕೂಸಿಗೆ ಹಲ್ಲು ಅಲುಗ್ತಾ ಇದೆಯಾ?"

"ಎಲ್ಲಿ ಅಮ್ಮ, ಈಗಿನ್ನೂ ನಾಕು ತುಂಬಿದೆ. ಕಬ್ಬು ಕಡಿಯುತ್ತೆ ಅದು."

"ನಿನ್ನವೂ ಹಾಗೇ. ಓರಗೆಯವರಿಗೆಲ್ಲ ಬಿದ್ದು ಹೊಸದು ಬಂದರೂ ನಿನ್ನವು ಮಾತ್ರ ಕಲ್ಲಿನ ಹಾಗೆ ಕೂತಿದ್ದವು." ತಾಯಿ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

"ಮನೆಗೆ ಬಾ ಅಮ್ಮ. ಸಾವೆ ಈಗ ಒಳಗೆ ಬರುತ್ತೆ. ನಾನು ಉಣ್ತೀನಿ."

"ನೀನು ಉಣ್ತೀಯ. ಕೂಸು ಪಕ್ಕದಲ್ಲಿ ಕೂತು ನೋಡ್ತಿರುತ್ತೆ. ನಾನು ಬಡಿಸುವಾಗ ಅದರ ತಟ್ಟೆ ಬಿಟ್ಟು ಮುಂದೆ ಹೋಗಬೇಕು. ನಂಗೆ ಬರಲ್ಲ ಹೊನ್ನಿ, ಅದೊಂದು ನನ್ನ ಕೈಯಲ್ಲಿ ಆಗಲ್ಲ. ಗೆರೆ ಹಾಕು ಅಂದವಳು ನಾನೇ. ಆದರೆ ಅದರ ಪಕ್ಕ ಕೂರೋದು ಆಗಲ್ಲ. ಹಲ್ಲು ಬೀಳಲಿ."

ಮೇಲೂರಿನ ದೋಣಿ ಏರುನೀರಿಗೆ ಹೊರಟಿತು. ಅಂಬಿಗ ಹುಟ್ಟು ಹಿಡಿದು ಕಾದಿದ್ದ. ಹೊನ್ನಿ ದೋಣಿ ಮರೆಯಾಗುವ ತನಕ ನೀರಿನಲ್ಲೇ ನಿಂತಿದ್ದಳು.

ಸೇತುವೆಗಳು ಬರಿದಾದವು. ಗಾಡಿಗಳು ಊರೊಳಗೆ ಬಂದವು. ತಳವೂರಿನಲ್ಲಿ ಮತ್ತೆ ಹೊಗೆ ಎದ್ದಿತು. ಎಲ್ಲರೂ ಉಂಡರು ಎಂದಲ್ಲ. ಕೆಲವರು ಗೆರೆಯ ಕೆಳಗಿದ್ದದ್ದನ್ನೂ ಮುಟ್ಟಲಿಲ್ಲ. ಅವರನ್ನು ಯಾರೂ ಒತ್ತಾಯ ಮಾಡಲಿಲ್ಲ. ಮಕ್ಕಳಿಗೆ ಅಳಿವೆಯೂರಿನಿಂದ ಅಕ್ಕಿ ಬೇರೆ ಬಂತು, ಹಾಲು ಬೇರೆ ಬಂತು, ಅದನ್ನು ಕೆಮ್ಮಣ್ಣು ಬಳಿದ ಗಡಿಗೆಗಳಲ್ಲಿ ಬೇರೆ ಇಟ್ಟರು. ಆ ವರ್ಷ ತಳವೂರಿನ ಮಕ್ಕಳು ಹಸಿಯಲಿಲ್ಲ.

ಹೊನ್ನಿ ಮೊದಲ ಸಲ ಸಾವೆ ಅನ್ನ ಮಾಡಿದ ದಿನ ಕುದಿಯುವ ಗಂಜಿಯ ಆವಿಗೆ ಮುಖ ಒಡ್ಡಿ ಕೂತಳು. ಉಂಡಳು. ಎಷ್ಟೋ ವರ್ಷ ನೆನೆಸಿಕೊಂಡ ರುಚಿ ಅದರಲ್ಲಿತ್ತು, ಆದರೆ ಅರ್ಧ ಮಾತ್ರ ಇತ್ತು. ನೀರು ಬೇರೆ, ಕೈ ಬೇರೆ. ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದಳು.

"ನಂಗೆ?"

"ನಿಂಗೆ ಇದಲ್ಲ ಚಿನ್ನಾ."

"ಯಾವಾಗ?"

"ನಿನ್ನ ಹಲ್ಲು ಬಿದ್ದ ಮೇಲೆ."

ಅಂದಿನಿಂದ ಆ ಮಗುವಿಗೆ ಅದೊಂದು ಕೆಲಸವಾಯಿತು. ಎದ್ದ ಕೂಡಲೇ ನಾಲಿಗೆಯಿಂದ ಹಲ್ಲು ತಳ್ಳಿ ನೋಡುವುದು. ಹಲ್ಲು ಅಲುಗುತ್ತಿರಲಿಲ್ಲ. ಬೀದಿಯ ಮಕ್ಕಳಿಗೆಲ್ಲ ಒಂದೊಂದಾಗಿ ಬಿತ್ತು, ಅವರು ಸಾವೆ ಉಂಡು ಬಂದು ಬಾಯಿ ತೋರಿಸಿ ಕುಣಿದರು. ಇವಳ ಹಲ್ಲು ಕಲ್ಲಿನ ಹಾಗೆ ಕೂತಿತ್ತು. ಮೇಲಿನಿಂದ ಬರುವ ಗಾಡಿಯವರ ಹತ್ತಿರ ತಾಯಿ ಅದೊಂದನ್ನೇ ಕೇಳಿಕಳಿಸುತ್ತಿದ್ದಳು, "ಬಿತ್ತಾ?" ಹೊನ್ನಿ ಅದೊಂದನ್ನೇ ಹೇಳಿಕಳಿಸುತ್ತಿದ್ದಳು, "ಇನ್ನೂ ಇಲ್ಲ." ಒಂದು ಮಳೆಗಾಲ ಹೋಯಿತು, ಇನ್ನೊಂದು ಹೋಯಿತು. ತಾಯಿ ಕೆಮ್ಮುತ್ತಾಳೆ ಎಂದು ಒಬ್ಬ ಗಾಡಿಯವನು ಹೇಳಿದ. ಈಗ ಕಡಿಮೆ ಇದೆ ಎಂದು ಇನ್ನೊಬ್ಬ ಹೇಳಿದ. ಹೊನ್ನಿ ಬಾಗಿಲಲ್ಲಿ ಕೂತು ಮೇಲೆ ಬೆಟ್ಟ ನೋಡುತ್ತಿದ್ದಳು. ಮುಳ್ಳು ನೋಡಬೇಕಾದ ಕಣ್ಣು ಬೆಟ್ಟ ನೋಡುತ್ತಿತ್ತು.

ಒಂದು ಬೆಳಗ್ಗೆ ಮಗಳು ಅಂಗೈ ಮುಚ್ಚಿಕೊಂಡು ಓಡಿಬಂದಳು. ಬಿಡಿಸಿ ತೋರಿಸಿದಳು. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು.

ಹೊನ್ನಿ ಬಾಗಿಲನ್ನು ಇನ್ನೊಬ್ಬಳ ಕೈಗೆ ಒಪ್ಪಿಸಿ, ಒಲೆ ಹಚ್ಚದೆ, ಮಗಳ ಕೈ ಹಿಡಿದು ಹೊರಟಳು. ಅಂಬಿಗ ಇಬ್ಬರನ್ನೂ ಏರುನೀರಿನಲ್ಲಿ ಆಗುವಷ್ಟು ದೂರ ಬಿಟ್ಟು ಬಂದ. ಅಲ್ಲಿಂದ ಮುಂದೆ ನಡಿಗೆ. ಒಂದೊಂದು ಊರಿನ ಬಾಗಿಲು ದಾಟಿದರು. ಒಂದೊಂದು ಊರಿನ ಬಿಳಿಕಲ್ಲಿನ ಬಯಲು ದಾಟಿದರು. ಹಳೆಯ ಕಲ್ಲುಗಳ ಮೇಲೆ ಪಾಚಿ ಕಟ್ಟಿತ್ತು. ಹೊಸ ಕಲ್ಲುಗಳು ಕಡಿಮೆ ಇದ್ದವು. ಮೇಲೂರಿನ ಬಾಗಿಲಲ್ಲಿ ಕಾವಲಿರಲಿಲ್ಲ. ಆ ಊರೊಳಗೆ ಹೋಗುವ ತಿನಿಸನ್ನು ಯಾರೂ ಎಂದೂ ತಡೆದಿರಲಿಲ್ಲ.

ತಾಯಿ ಮನೆಯಲ್ಲಿರಲಿಲ್ಲ. ಊರಿನವರೆಲ್ಲ ಹೊಲದಲ್ಲಿದ್ದರು. ಸಾಲಾಗಿ ಕೂತು, ಮೇಲ್ಮಣ್ಣನ್ನು ಗುದ್ದಲಿಯಿಂದ ತೆಳ್ಳಗೆ ಕೆರೆದು ಬುಟ್ಟಿಗೆ ತುಂಬುತ್ತಿದ್ದರು. ಕಾವು ಕೂತದ್ದು ಆ ತೆಳ್ಳನೆಯ ಪದರದಲ್ಲಿ. ಅದನ್ನು ತೆಗೆದರೆ ಮುಂದಿನ ಬೆಳೆಗೆ ಮುಳ್ಳು ಇನ್ನೊಂದು ಎಳೆ ಇಳಿಯುತ್ತದೆ. ವರ್ಷ ವರ್ಷವೂ ಅವರು ಹಾಗೆಯೇ ಮಾಡುತ್ತಾ ಬಂದಿದ್ದರು. ಸಾಲಿನ ಕೊನೆಯಲ್ಲಿ ತಾಯಿ ಇದ್ದಳು. ಬೆನ್ನು ಬಾಗಿತ್ತು. ಬದುವಿನ ಮೇಲೆ ನಿಂತ ನೆರಳು ತನ್ನ ಮುಂದಿನ ಮಣ್ಣಿನ ಮೇಲೆ ಬಿದ್ದಾಗ ತಲೆ ಎತ್ತಿದಳು.

ಮಗು ಹೆದರಲಿಲ್ಲ. ನೇರ ಹೋಗಿ ಬಾಯಿ ಆ ಎಂದು ತೆರೆದು ನಿಂತಿತು.

"ಬೆಳಕಿಗೆ ತಿರುಗು," ಎಂದಳು ಅಜ್ಜಿ. ಮಣ್ಣಾದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ಬಹಳ ಹೊತ್ತು ನೋಡಿದಳು. "ತಾನಾಗಿಯೇ ಬಿತ್ತಾ? ಕಿತ್ತುಕೊಂಡೆಯಾ?"

"ತಾನಾಗಿಯೇ," ಎಂದಿತು ಮಗು. ಆಮೇಲೆ, "ಸ್ವಲ್ಪ ಅಲ್ಲಾಡಿಸಿದೆ."

"ಎಷ್ಟು ದಿನದಿಂದ?"

"ತುಂಬಾ ದಿನದಿಂದ."

ಅಜ್ಜಿಯ ಮುಖ ಮಳೆ ಬಿದ್ದ ಹೊಲದ ಹಾಗೆ ಮೆತ್ತಗಾಯಿತು. ಅವಳು ಕಾಲುವೆಯ ಕಡೆ ಹೋದಳು. ಕೈ ತೊಳೆದಳು. ಬೆರಳುಗಳ ಸಂದಿ ತೊಳೆದಳು, ಉಗುರಿನೊಳಗಿನ ಮಣ್ಣು ಕಡ್ಡಿಯಿಂದ ತೆಗೆದಳು, ಮತ್ತೆ ತೊಳೆದಳು. ಹೊನ್ನಿ ಬದುವಿನ ಮೇಲೆ ನಿಂತೇ ಇದ್ದಳು.

ತಾಯಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಮಗಳ ಮುಂದೆ ನಿಂತಳು. ಮುಖ ನೋಡಿದಳು.

"ಊಟ ಆಯ್ತಾ?" ಎಂದು ಕೇಳಿದಳು.

"ಇಲ್ಲ ಅಮ್ಮ," ಎಂದಳು ಹೊನ್ನಿ. "ಇನ್ನೂ ಇಲ್ಲ."